ಒಂದೇ ಕಟ್ಟಡದಲ್ಲಿ ಇರಬಾರದವರು

2013ರ ಬೇಸಿಗೆಯ ಒಂದು ಮಧ್ಯಾಹ್ನ, ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದಲ್ಲಿ ಲಿಫ್ಟು ಮೂರನೇ ಮಹಡಿ ದಾಟಿ, ನಾಲ್ಕನೆಯದು ಸಿಗುವ ಮೊದಲೇ ನಿಂತುಬಿಟ್ಟಿತು. ಒಳಗೆ ಇದ್ದವರು ಇಬ್ಬರೇ, ರಾಮಪ್ರಸಾದ ಮತ್ತು ಪ್ರಭಾ.

ಆ ಕಟ್ಟಡದ ನಾಲ್ಕನೇ ಮಹಡಿಯಲ್ಲಿದ್ದ ಕಂಪನಿ ಹಲವು ಖಾಸಗಿ ಆಸ್ಪತ್ರೆಗಳ ಪರವಾಗಿ ಆಂಬುಲೆನ್ಸ್ ಕರೆಗಳನ್ನು ತೆಗೆದುಕೊಳ್ಳುತ್ತಿತ್ತು. ರಾಮಪ್ರಸಾದ ಅಲ್ಲಿ ಸುರಕ್ಷತೆಯ ಮುಖ್ಯಸ್ಥರು. ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಬೆಂಕಿ ಆರಿಸುವ ದಳ ನೋಡಿಕೊಂಡಿದ್ದವರು. ಕಾರ್ಖಾನೆ ಸೊರಗಿದಾಗ ಸ್ವಯಂ ನಿವೃತ್ತಿ ಪಡೆದು ಇಲ್ಲಿಗೆ ಬಂದಿದ್ದರು. ವಯಸ್ಸು ಐವತ್ತು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳು ರಂಜನಿ ತುಮಕೂರಿನಲ್ಲಿ ಟೀಚರ್. ಪ್ರಭಾ ಕಂಟ್ರೋಲ್ ರೂಮಿನ ಉಸ್ತುವಾರಿ. ನಲವತ್ತು ದಾಟಿದ್ದಳು, ಮದುವೆಯಾಗಿರಲಿಲ್ಲ, ಕಾಡುಗೋಡಿಯಲ್ಲಿ ತಾಯಿ ಅನುಸೂಯಮ್ಮನ ಜೊತೆ ಇದ್ದಳು.

"ಹೆದರ್ಕೋಬೇಡಿ, ಈಗ ಜನರೇಟರ್ ಬಂದ್ಬಿಡತ್ತೆ," ಎಂದರು ರಾಮಪ್ರಸಾದ.

"ನಾನೆಲ್ಲಿ ಹೆದರಿದೀನಿ ಸಾರ್? ಗೋಡೆ ಹಿಡ್ಕೊಂಡು ನಿಂತಿರೋದು ನೀವು."

ಅವರು ಕೈ ತೆಗೆದು ನಕ್ಕರು. ಜನರೇಟರ್ ಬರಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅಲಾರಮ್ಮಿನ ಗುಂಡಿ ಒತ್ತಿ ಒತ್ತಿ ಸಾಕಾಗಿ ಇಬ್ಬರೂ ನೆಲದ ಮೇಲೆ ಕೂತರು. ಕತ್ತಲಲ್ಲಿ ಮಾತು ಸಲೀಸಾಗಿ ಬಂತು. ಪ್ರಭಾ ತಾನು ಬೆಳೆದ ಕಾರ್ಖಾನೆ ಕ್ವಾರ್ಟರ್ಸಿನ ಬಗ್ಗೆ ಹೇಳಿದಳು. ಸೈರನ್ ಕೂಗಿದರೆ ಸಾಲಿಗೆ ಸಾಲು ಮನೆಗಳಲ್ಲಿ ಹೆಂಗಸರು ಒಟ್ಟಿಗೆ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದುದನ್ನು, ಅಪ್ಪ ಸೈಕಲ್ ಒರಗಿಸುವ ಸದ್ದನ್ನು. ರಾಮಪ್ರಸಾದ ತಮಗೆ ಮಾಡಲು ಬರುವುದು ಉಪ್ಪಿಟ್ಟೊಂದೇ ಎಂದೂ ಅದೂ ಒಮ್ಮೊಮ್ಮೆ ಗಂಟಾಗುತ್ತದೆ ಎಂದೂ ಹೇಳಿದರು. ಒಬ್ಬ ಗಂಡಸು ತನ್ನ ಜೊತೆ ಇಷ್ಟು ನಿರಾಳವಾಗಿ, ಏನನ್ನೂ ಬೇಡದೆ, ಏನನ್ನೂ ತೋರಿಸಿಕೊಳ್ಳದೆ ಮಾತಾಡಿದ್ದು ಪ್ರಭಾಳಿಗೆ ನೆನಪಿರಲಿಲ್ಲ. ಲಿಫ್ಟು ಇನ್ನೂ ಸ್ವಲ್ಪ ಹೊತ್ತು ಹೀಗೇ ನಿಂತಿರಲಿ ಅಂದುಕೊಂಡಳು.

ಬಾಗಿಲನ್ನು ಮೀಟಿ ತೆಗೆದಾಗ ಮೇಲೆ ಕಂಡದ್ದು ಕಂಪನಿ ನಡೆಸುತ್ತಿದ್ದ ಮುರಳಿಯ ಮುಖ. ಬಣ್ಣ ಇಳಿದುಹೋಗಿತ್ತು.

"ಸಾರ್, ಎಲ್ಲಾ ಲೈನೂ ಹೋಗಿದೆ. ಏನ್ ಮಾಡ್ಬೇಕು ಅಂತ ಯಾರಿಗೂ ಗೊತ್ತಾಗ್ತಿಲ್ಲ."

ಕರೆಂಟು ಹೋದಾಗ ಕರೆಗಳನ್ನು ಬೇರೆ ದಾರಿಗೆ ತಿರುಗಿಸುವುದು ಗೊತ್ತಿದ್ದವರು ಕಂಪನಿಯಲ್ಲಿ ಇಬ್ಬರೇ ಇದ್ದರು. ಆ ಇಬ್ಬರೂ ಲಿಫ್ಟಿನೊಳಗಿದ್ದರು. ಅಷ್ಟರಲ್ಲಿ ಹೊಸಕೋಟೆಯಿಂದ ಒಬ್ಬ ತನ್ನ ತಾಯಿಗಾಗಿ ಮತ್ತೆ ಮತ್ತೆ ಕರೆ ಮಾಡಿ, ಯಾರೂ ಎತ್ತದೆ, ಕಡೆಗೆ ಆಟೋದಲ್ಲಿ ಕರೆದೊಯ್ದಿದ್ದ. ಆಕೆ ದಾರಿಯಲ್ಲೇ ಹೋಗಿಬಿಟ್ಟಳು. ಆಂಬುಲೆನ್ಸ್ ಹೋಗಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದು ವೈದ್ಯರು ಹೇಳಿದರು.

"ಇರಬಹುದು," ಎಂದರು ರಾಮಪ್ರಸಾದ.

ಅಲ್ಲಿಂದ ಅವರು ಬೇರೆಯೇ ಮನುಷ್ಯರಾದರು. ಬಾಂಬಿಟ್ಟಿದ್ದೇವೆ ಎಂಬ ಹುಸಿ ಕರೆಗಳು ಆಗೀಗ ಬರುತ್ತಲೇ ಇದ್ದವು. ರಸ್ತೆ ಅಗೆಯುವವರು ಕೇಬಲ್ ಕತ್ತರಿಸುತ್ತಿದ್ದರು. ಬಂದ್ ದಿನ ಗಾಜಿಗೆ ಕಲ್ಲು ಬೀಳುತ್ತಿತ್ತು. ಕಟ್ಟಡದ ಹಿಂದೆ ಮಳೆನೀರು ಹರಿಯುವ ರಾಜಕಾಲುವೆ ಪ್ರತಿ ಮಳೆಗಾಲ ಒಂದಷ್ಟು ಮೇಲೇರುತ್ತಿತ್ತು. ಇದೆಲ್ಲ ಇನ್ನೂ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂದು ಅವರು ಮುರಳಿಗೆ ಒತ್ತಿ ಹೇಳಿ, ಊರಿನ ಇನ್ನೊಂದು ಮೂಲೆ ಜಿಗಣಿಯಲ್ಲಿ ಹಳೆಯ ಕಾರ್ಖಾನೆಯೊಂದರ ಮೇಲ್ಮಹಡಿ ಹಿಡಿದು ಎರಡನೇ ಕಂಟ್ರೋಲ್ ರೂಮ್ ಕಟ್ಟಿಸಿದರು. ಒಂದು ಬಿದ್ದರೆ ಇನ್ನೊಂದು ನಡೆಯಬೇಕು.

ಎಲ್ಲ ಸಿದ್ಧವಾದ ಮೇಲೆ ಸಭೆ ಸೇರಿತು.

"ಪ್ರಭಾ ಅವರು ಜಿಗಣಿಗೆ ಹೋಗ್ತಾರೆ. ನಾನು ಇಲ್ಲಿರ್ತೀನಿ," ಎಂದರು ರಾಮಪ್ರಸಾದ, ಮೇಜು ನೋಡುತ್ತ. "ನಾವಿಬ್ರೂ ಇನ್ನು ಮುಂದೆ ಒಂದೇ ಕಟ್ಟಡದಲ್ಲಿ ಇರಬಾರದು. ಒಂದೇ ಗಾಡೀಲಿ ಹೋಗಬಾರದು. ಒಬ್ಬರಿಗೆ ರಜ ಇದ್ದಾಗ ಇನ್ನೊಬ್ಬರು ಕೆಲಸದಲ್ಲಿರಬೇಕು."

"ಭಾನುವಾರಾನೂ?" ಎಂದ ಮುರಳಿ.

"ಭಾನುವಾರಾನೂ."

ಪ್ರಭಾ ತಲೆಯಾಡಿಸಿದಳು. ಸಭೆ ಮುಗಿದು ಎಲ್ಲರೂ ಎದ್ದಾಗ ರಾಮಪ್ರಸಾದ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದರು.

"ಬೇಜಾರಾಯ್ತಾ?"

"ನೀವು ಹೇಳಿದ್ದು ಸರಿಯಾಗೇ ಇದೆ ಸಾರ್."

"ಸರಿ ಇದೆ ಅಂತ ನನಗೂ ಗೊತ್ತು. ನಾನು ಕೇಳಿದ್ದು ಅದಲ್ಲ."

ಅವಳು ಉತ್ತರ ಹುಡುಕುವಷ್ಟರಲ್ಲಿ ಯಾರೋ ಬಂದು ಅವರನ್ನು ಕರೆದುಕೊಂಡು ಹೋದರು.

ಜಿಗಣಿಯ ಸುತ್ತ ಗ್ರಾನೈಟ್ ಕೊಯ್ಯುವ ಘಟಕಗಳು. ಬೆಳಗಿನಿಂದ ಸಂಜೆಯವರೆಗೆ ಗರಗಸದ ಕೀರಲು, ಕಿಟಕಿ ಸಂದಿಯಲ್ಲಿ ಬಿಳಿ ಪುಡಿ. ಪ್ರಭಾಳ ಕೈಕೆಳಗೆ ಸಿದ್ಧಾರ್ಥ್ ಎಂಬ ಚುರುಕಾದ ಹುಡುಗ ಮತ್ತು ಒಂದಷ್ಟು ಹೊಸಬರು. ಗೇಟಿನಲ್ಲಿ ಆ ಊರಿನವರೇ ಆದ ನಲ್ಲಪ್ಪ. ಕಾಡುಗೋಡಿಯಿಂದ ಕಂಪನಿಯ ವ್ಯಾನು ಅವಳನ್ನು ಕರೆತರುತ್ತಿತ್ತು. ಅದು ದಿನವೂ ವೈಟ್‌ಫೀಲ್ಡಿನ ಗಾಜಿನ ಕಟ್ಟಡದ ಮುಂದೆಯೇ ಹಾದು ಬರುತ್ತಿತ್ತು. ಆ ಹೊತ್ತಿಗೆ ರಾಮಪ್ರಸಾದ ಬಂದಿರುವುದಿಲ್ಲ ಎಂದು ಗೊತ್ತಿದ್ದರೂ ಅವಳು ಬಗ್ಗಿ ನಾಲ್ಕನೇ ಮಹಡಿ ನೋಡುತ್ತಿದ್ದಳು.

ಬೆಳಗ್ಗೆ ಕೆಲಸ ಶುರುವಾಗುವ ಮುನ್ನ ಎರಡೂ ಕೇಂದ್ರಗಳ ನಡುವಿನ ಲೈನ್ ಸರಿಯಿದೆಯೇ ಎಂದು ಪರೀಕ್ಷಿಸಬೇಕಿತ್ತು. ಆ ಕರೆಯನ್ನು ಅವರೇ ಮಾಡುತ್ತಿದ್ದರು, ಅವಳೇ ಎತ್ತುತ್ತಿದ್ದಳು.

"ಜಿಗಣಿ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಸಾರ್."

"ಕರೆಂಟು?"

"ಇದೆ."

"ಮಳೆ?"

"ಆನೇಕಲ್ ಕಡೆ ಮೋಡ ಕಟ್ಟಿದೆ. ಇಲ್ಲಿ ಇನ್ನೂ ಬಂದಿಲ್ಲ."

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಮಳೆ, ರಸ್ತೆ, ಗಾಳಿ ಎಲ್ಲವೂ ಕೆಲಸಕ್ಕೆ ಸಂಬಂಧಪಟ್ಟ ವಿಷಯಗಳೇ ಆದ್ದರಿಂದ ಅವರು ಕೇಳುತ್ತ ಹೋಗುತ್ತಿದ್ದರು. ಅವಳು ಹೇಳುತ್ತ ಹೋಗುತ್ತಿದ್ದಳು. ಬನ್ನೇರುಘಟ್ಟದ ಕಡೆಯ ಗುಡ್ಡ ಇವತ್ತು ಕಾಣಿಸುತ್ತಿದೆ ಎಂದು, ಕೆಳಗೆ ಲಾರಿಯೊಂದು ಕೆಟ್ಟು ನಿಂತಿದೆ, ಅದರ ನೆರಳಿನಲ್ಲಿ ಡ್ರೈವರ್ ಟೊಮೆಟೊ ಹೆಚ್ಚುತ್ತಿದ್ದಾನೆ ಎಂದು. ಅವರು ಹತ್ತಿರದ ಕೊಳಕು ಕೆರೆಯ ನೊರೆ ಗಾಳಿಗೆ ಹಾರಿ ಕಿಟಕಿಗೆ ಮೆತ್ತಿದೆ ಎನ್ನುತ್ತಿದ್ದರು. ಅಕ್ಕಪಕ್ಕದಲ್ಲಿ ಜನ ಇರುತ್ತಿದ್ದುದರಿಂದ ಬೇರೆ ಮಾತು ಬರುತ್ತಿರಲಿಲ್ಲ. ಫೋನ್ ಇಟ್ಟ ಮೇಲೂ ಅವಳ ಕೈ ಸ್ವಲ್ಪ ಹೊತ್ತು ಅದರ ಮೇಲೇ ಇರುತ್ತಿತ್ತು. ಸಂಜೆ ಮನೆಗೆ ಹೋದ ಮೇಲೆ ಅವರ ಮೊಬೈಲಿಗೆ ಕರೆ ಮಾಡಬಹುದಿತ್ತು. ಯಾವ ನಿಯಮವೂ ಅದನ್ನು ತಡೆದಿರಲಿಲ್ಲ. ನಂಬರ್ ತೆಗೆದು ನೋಡಿ, ಏನೆಂದು ಶುರುಮಾಡುವುದು ಗೊತ್ತಾಗದೆ ಪಕ್ಕಕ್ಕಿಡುತ್ತಿದ್ದಳು. ಅವರೂ ಮಾಡಲಿಲ್ಲ.

ಮುಂದಿನ ವರ್ಷ ಮುರಳಿ ಹೊಸ ಮನೆಯ ಗೃಹಪ್ರವೇಶಕ್ಕೆ ಎಲ್ಲರನ್ನೂ ಕರೆದ. ಪ್ರಭಾ ಬೆಳಗ್ಗೆ ಹೋಗಬೇಕು, ರಾಮಪ್ರಸಾದ ಸಂಜೆ ಬರಬೇಕು ಎಂದು ಮೊದಲೇ ಗೊತ್ತಾಗಿತ್ತು. ಆದರೂ ಅವಳು ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟಳು. ಊಟದ ಎಲೆಯ ಮುಂದೆ ಕೂತಾಗ ಎದುರು ಸಾಲಿನಲ್ಲಿ ಅವರು ಕೂತಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸುತ್ತ ಎರಡು ಸಲ ಬಡಿಸಿದ ಪಲ್ಯವನ್ನೂ ಬೇಡ ಎನ್ನಲಿಲ್ಲ. ಹೊರಡುವಾಗ ಮುರಳಿಯ ಹೆಂಡತಿ ವೇಣಿ ತಾಂಬೂಲ ಕೊಟ್ಟಳು.

"ವೇಣಿ, ಸಂಜೆ ರಾಮಪ್ರಸಾದ್ ಸಾರ್ ಬರ್ತಾರಲ್ಲಾ, ಅವರಿಗೆ ಒಬ್ಬಟ್ಟು ಎತ್ತಿಟ್ಟಿರಿ. ಸಂಜೆ ಹೊತ್ತಿಗೆ ಖಾಲಿ ಆಗ್ಬಿಡತ್ತೆ."

ವೇಣಿ ಅವಳ ಮುಖವನ್ನೂ ಸೀರೆಯನ್ನೂ ನೋಡಿದಳು. "ಎತ್ತಿಡ್ತೀನಿ ಅಕ್ಕ," ಎಂದು ಮೆಲ್ಲಗೆ ಹೇಳಿದಳು.

ಮರುದಿನದ ಕರೆಯಲ್ಲಿ ಮಳೆ, ಕರೆಂಟು ಎಲ್ಲ ಕೇಳಿ ಆದ ಮೇಲೆ ರಾಮಪ್ರಸಾದ, "ಒಬ್ಬಟ್ಟು ಚೆನ್ನಾಗಿತ್ತು," ಎಂದರು. ಸ್ವಲ್ಪ ತಡೆದು, "ಹಸಿರು ಸೀರೆ ಅಂತೆ," ಎಂದರು.

2015ರ ನವೆಂಬರಿನಲ್ಲಿ ಮಳೆ ಹಿಡಿಯಿತು. ಹಗಲು ರಾತ್ರಿ ಬಿಟ್ಟೂಬಿಡದೆ ಸುರಿಯಿತು. ಒಂದು ದಿನ ಬೆಳಗಿನ ಕರೆಯಲ್ಲೇ ರಾಮಪ್ರಸಾದ ಹೇಳಿದರು: "ಕಾಲುವೆ ನೀರು ನೆಲಮಾಳಿಗೆ ಹತ್ರ ಬಂದಿದೆ. ಪಂಪ್ ಹಾಕ್ಸಿದೀನಿ. ನೀವು ತಯಾರಿರಿ." ಮಧ್ಯಾಹ್ನ ಊಟದ ಹೊತ್ತಿಗೆ ನೀರು ನೆಲಮಾಳಿಗೆಯ ಬ್ಯಾಟರಿ ಕೋಣೆಗೆ ನುಗ್ಗಿತು. ಬ್ಯಾಟರಿಗಳು ಸುಟ್ಟು ಎದ್ದ ಹೊಗೆ ಮೆಟ್ಟಿಲ ದಾರಿಯಲ್ಲೇ ಮೇಲಕ್ಕೇರಿತು.

ಜಿಗಣಿಯಲ್ಲಿ ಇದಾವುದೂ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೇ: ವೈಟ್‌ಫೀಲ್ಡಿನ ಲೈನ್ ಸತ್ತಿತ್ತು. ಪ್ರಭಾ ಮತ್ತೆ ಕರೆ ಮಾಡಿದಳು. ಏನೂ ಇಲ್ಲ.

"ಸಿದ್ಧಾರ್ಥ್, ಎಲ್ಲಾ ಕರೆ ಇಲ್ಲಿಗೆ ತಿರುಗಿಸು. ಈಗಲೇ."

"ಸ್ವಲ್ಪ ಕಾಯೋಣ್ವಾ ಮೇಡಂ? ಮಳೆಗೆ ಲೈನ್ ಹೋಗಿರಬಹುದು."

"ಕಾಯಬಾರದು. ತಿರುಗಿಸು."

ಕರೆಗಳು ಒಮ್ಮೆಗೇ ಜಿಗಣಿಯ ಮೇಲೆ ಬಿದ್ದವು. ಮಳೆಯ ದಿನ, ಬಿದ್ದವರು, ಶಾಕ್ ಹೊಡೆದವರು, ಹೆರಿಗೆ ನೋವಿನವರು. ಕೈಗಳು ಸಾಲದೆ ತಾನೂ ಒಂದು ಹೆಡ್‌ಸೆಟ್ ಹಾಕಿಕೊಂಡು ಪ್ರಭಾ ಕೂತಳು. ಒಂದರ ಹಿಂದೆ ಒಂದು ತೆಗೆದುಕೊಳ್ಳುತ್ತಿದ್ದಾಗ ಗುರುತಿನ ದನಿ ಕೇಳಿತು. ಮುರಳಿ, ತನ್ನ ಮೊಬೈಲಿನಿಂದ.

"ವೈಟ್‌ಫೀಲ್ಡಿಗೆ ಆಂಬುಲೆನ್ಸ್ ಬೇಕು. ಹೊಗೆ... ಇಬ್ಬರು ಹೊಗೆ ಕುಡಿದಿದ್ದಾರೆ."

"ಮುರಳಿ ಸಾರ್, ನಾನು ಪ್ರಭಾ. ಯಾರ್ಯಾರು?"

"ಕರೆ ತಗೊಳ್ಳೋ ಗೌರಿ. ಮತ್ತೆ... ನಮ್ಮ ರಾಮಪ್ರಸಾದ್ ಸಾರ್."

ಪ್ರಭಾ ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನೇ ಕೇಳಿದಳು.

"ಉಸಿರಾಡ್ತಿದ್ದಾರಾ?"

"ಗೌರಿ ಮಾತಾಡ್ತಿದಾಳೆ. ಸಾರ್ ಉಸಿರಾಡ್ತಿದ್ದಾರೆ. ಕಣ್ಣು ಬಿಡ್ತಿಲ್ಲ."

"ಗಾಳಿ ಇರೋ ಕಡೆ ಮಲಗಿಸಿ. ಒಂದು ಮಗ್ಗುಲಿಗೆ ತಿರುಗಿಸಿ. ಕತ್ತಿನ ಗುಂಡಿ ಬಿಚ್ಚಿ. ಗಾಡಿ ಹೊರಟಿದೆ."

ಗಾಡಿ ಕಳಿಸಿದಳು. ದಾರಿಯಲ್ಲಿ ನೀರು ನಿಂತಿರುವ ಕಡೆ ತಪ್ಪಿಸಿ ಹೋಗಲು ಡ್ರೈವರನಿಗೆ ಹೇಳಿದಳು. ಆಮೇಲೆ ಮುಂದಿನ ಕರೆ ತೆಗೆದುಕೊಂಡಳು. ಯಾರೋ ಒಬ್ಬರು ಮಾರತಹಳ್ಳಿಯಲ್ಲಿ ಮೆಟ್ಟಿಲಿನಿಂದ ಜಾರಿದ್ದರು.

ಸಿದ್ಧಾರ್ಥ್ ಪಕ್ಕದಲ್ಲಿ ಬಂದು ನಿಂತ. "ಮೇಡಂ, ನೀವು ಹೋಗಿ. ನಾವು ನೋಡ್ಕೊಳ್ತೀವಿ."

ಅವಳು ಎದ್ದಳು. ಬಾಗಿಲವರೆಗೆ ಹೋದಳು. ಮೆಟ್ಟಿಲ ಕೆಳಗೆ ನಲ್ಲಪ್ಪ ಕೊಡೆ ಹಿಡಿದು, "ಯಾಕವ್ವಾ, ಅಂಗೆ ನಿಂತ್ಬುಟ್ರಿ? ಗಾಡಿ ಕರೀಲಾ?" ಎಂದು ಕೂಗಿ ಕೇಳಿದರು. ಹಿಂದೆ ಕೋಣೆಯಲ್ಲಿ ಹೊಸ ಹುಡುಗಿಯೊಬ್ಬಳು ಕರೆಯೊಂದಕ್ಕೆ ತಡವರಿಸುತ್ತಿದ್ದಳು. ಎರಡು ಕಡೆಯಿಂದ ಒಟ್ಟಿಗೆ ಗಾಡಿ ಕೇಳುತ್ತಿದ್ದರು, ಯಾವುದಕ್ಕೆ ಮೊದಲು ಕಳಿಸಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಸಿದ್ಧಾರ್ಥ್‌ಗೂ ಅದನ್ನು ಯಾರೂ ಕಲಿಸಿರಲಿಲ್ಲ. ಅಂಥದ್ದನ್ನು ತೀರ್ಮಾನಿಸುವ ಇಬ್ಬರಲ್ಲಿ ಒಬ್ಬರು ವೈಟ್‌ಫೀಲ್ಡಿನ ಒದ್ದೆ ಫುಟ್‌ಪಾತಿನ ಮೇಲೆ ಕಣ್ಣುಮುಚ್ಚಿ ಮಲಗಿದ್ದರು.

"ಬೇಡ ನಲ್ಲಪ್ಪ," ಎಂದು ಪ್ರಭಾ ಒಳಗೆ ಬಂದು ಕೂತಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ದನಿ ಮಾತ್ರ ಅಲುಗಲಿಲ್ಲ.

ನಡೆದದ್ದೇನೆಂದು ಸಂಜೆ ತಿಳಿಯಿತು. ಹೊಗೆ ಬಂದಾಗ ಎಲ್ಲರೂ ಇಳಿದರು. ಗೌರಿ ಇಳಿಯಲಿಲ್ಲ, ಅವಳ ಫೋನಿನ ಆ ತುದಿಯಲ್ಲಿ ಒಬ್ಬ ಹೆಂಗಸು ಇದ್ದಳು, ಆಕೆಯ ಗಂಡ ಕುಸಿದು ಬಿದ್ದಿದ್ದ, ಎದೆ ಒತ್ತುವುದು ಹೇಗೆಂದು ಗೌರಿ ಹೇಳಿಕೊಡುತ್ತಿದ್ದಳು. ಲೈನ್ ಸಾಯುವವರೆಗೂ ಬಿಡಲಿಲ್ಲ. ತಲೆ ಎಣಿಸಿದ ರಾಮಪ್ರಸಾದ ಮತ್ತೆ ಮೇಲೆ ಹತ್ತಿದರು. ತಮ್ಮ ಮುಖಕ್ಕೆ ಕಟ್ಟಿದ್ದ ಒದ್ದೆ ಟವೆಲನ್ನು ಅವಳಿಗೆ ಕಟ್ಟಿ ಇಳಿಸಿಕೊಂಡು ಬಂದರು.

ಕೆಲವು ದಿನಗಳ ಮೇಲೆ ಸಂಜೆ ಪ್ರಭಾ ಆಸ್ಪತ್ರೆಗೆ ಹೋದಳು. ರಾಮಪ್ರಸಾದರ ಮುಖದ ಮೇಲೆ ಆಮ್ಲಜನಕದ ಮುಖವಾಡ. ಮಾತಾಡಬಾರದು ಎಂದಿದ್ದರು. ತುಮಕೂರಿನಿಂದ ಬಂದಿದ್ದ ರಂಜನಿ ಕುರ್ಚಿ ಬಿಟ್ಟುಕೊಟ್ಟು, "ನೀವು ಜಿಗಣಿ ಪ್ರಭಾ ಮೇಡಂ ಅಲ್ವಾ? ಅಪ್ಪ ಹೇಳ್ತಿರ್ತಾರೆ," ಎಂದಳು. ಏನು ಹೇಳುತ್ತಾರೆ ಎಂದು ಕೇಳುವ ಧೈರ್ಯ ಪ್ರಭಾಳಿಗೆ ಆಗಲಿಲ್ಲ. ಲಿಫ್ಟಿನ ಆ ಮಧ್ಯಾಹ್ನದ ನಂತರ ಅವರ ಇಷ್ಟು ಹತ್ತಿರ ಅವಳು ಕೂತದ್ದು ಇದೇ ಮೊದಲು. ಅವರ ಕೈ ಹೊದಿಕೆಯ ಮೇಲಿತ್ತು. ಮುಟ್ಟಬೇಕು ಅನ್ನಿಸಿತು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಜಿಗಣಿಯಿಂದ ಸಿದ್ಧಾರ್ಥ್. ಈಗ ಎರಡೂ ಕೇಂದ್ರಕ್ಕೆ ಅವಳೊಬ್ಬಳೇ. ಮಾತು ಮುಗಿಸಿ ಬಂದಾಗ ಭೇಟಿಯ ಸಮಯ ಮುಗಿದಿತ್ತು. ಮುಂದಿನ ವಾರ ರಂಜನಿ ತಂದೆಯನ್ನು ಪೀಣ್ಯದ ಹತ್ತಿರ ರಾಜಗೋಪಾಲನಗರದಲ್ಲಿದ್ದ ಅವರ ಮನೆಗೆ ಕರೆದೊಯ್ದಳು. ಅದು ಊರಿನ ಪೂರ್ತಿ ಆ ತುದಿ. ಯಾವ ಕೇಂದ್ರಕ್ಕೆ ಯಾವಾಗ ಓಡಬೇಕಾಗುತ್ತದೋ ತಿಳಿಯದವಳು ಅಷ್ಟು ದೂರ ಹೋಗುವಂತಿರಲಿಲ್ಲ.

ಮುರಳಿ ಮಾತ್ರ ಹಿಗ್ಗಿದ್ದ. ಆ ದಿನ ಒಂದು ಕರೆಯೂ ತಪ್ಪಿರಲಿಲ್ಲ. ಗೌರಿಗೆ ಕರೆ ಮಾಡಿದ್ದ ಹೆಂಗಸಿನ ಗಂಡನೂ ಬದುಕಿದ್ದ.

"ನಿಯಮ ಗೆದ್ದಿತು ಮೇಡಂ. ಸಾರ್ ಜಾಗಕ್ಕೆ ನೀವು ಬನ್ನಿ, ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನ ಹಾಕೋಣ. ಮತ್ತೆ ಇಬ್ಬರಾಗ್ತೀರ."

"ಇಬ್ಬರು ಸಾಲಲ್ಲ," ಎಂದಳು ಪ್ರಭಾ. "ಆ ದಿನ ನಾನು ಜ್ವರ ಬಂದು ಮಲಗಿದ್ದಿದ್ರೆ ಏನಾಗ್ತಿತ್ತು? ಇಬ್ಬರು ಮನುಷ್ಯರನ್ನ ಕಂಬ ಮಾಡಿ ನಿಲ್ಲಿಸಿದೀವಿ ಸಾರ್. ಕಂಬಕ್ಕೆ ಮನೆ ಬೇಡ್ವಾ, ಅದಕ್ಕೆ ಕಾಯಿಲೆ ಬರಲ್ವಾ? ನಾವು ಯಾರೂ ಇಲ್ಲದೆ ಇದ್ರೂ ಇದು ನಡೀಬೇಕು. ನನಗೆ ಸಮಯ ಕೊಡಿ, ಸಿದ್ಧಾರ್ಥ್‌ಗೆ, ಗೌರಿಗೆ, ಇನ್ನೂ ನಾಲ್ಕು ಜನಕ್ಕೆ ಕಲಿಸ್ತೀನಿ."

ಅವಳ ದನಿಯಲ್ಲಿ ಮುರಳಿ ಹಿಂದೆಂದೂ ಕೇಳದ ಸಿಟ್ಟಿತ್ತು. ಅವನು ಒಪ್ಪಿದ.

ಕಲಿಸುವುದು ಸುಲಭವಾಗಲಿಲ್ಲ. ಮೊದಮೊದಲು ಅವರು ಪ್ರತಿಯೊಂದಕ್ಕೂ ಅವಳ ಮುಖ ನೋಡುತ್ತಿದ್ದರು. ಹಾಗಾಗಿ ಅವಳು ಫೋನ್ ಆರಿಸಿ ಕೆಳಗೆ ಹೋಗಿ ನಲ್ಲಪ್ಪನವರ ಬೆಂಚಿನ ಮೇಲೆ ಕೂರತೊಡಗಿದಳು. ಮೇಲೆ ಏನಾದರೂ ಆಗಲಿ ಎಂದು. ತಪ್ಪುಗಳಾದವು, ಬೈದಳು, ಮತ್ತೆ ಹೇಳಿಕೊಟ್ಟಳು. ಬೇಸಿಗೆ ಕಳೆದು ಮುಂಗಾರು ಬರುವ ಹೊತ್ತಿಗೆ ಒಂದು ದಿನ ಅವಳು ಮೇಲೆ ಹತ್ತಿ ಬಂದಾಗ ಯಾರೂ ತಲೆಯೆತ್ತಲಿಲ್ಲ. ಸಿದ್ಧಾರ್ಥ್ ಏನೋ ತೀರ್ಮಾನ ಹೇಳುತ್ತಿದ್ದ, ವೈಟ್‌ಫೀಲ್ಡಿನಿಂದ ಗೌರಿ ಒಪ್ಪುತ್ತಿದ್ದಳು. ಬಾಗಿಲಲ್ಲಿ ನಿಂತ ಪ್ರಭಾಳಿಗೆ ಹಗುರವೆನಿಸಿತು, ಜೊತೆಗೆ ಏನೋ ಕಳೆದುಕೊಂಡಂತೆಯೂ ಅನ್ನಿಸಿತು. ಈ ಜಾಗಕ್ಕೆ ಇನ್ನು ತನ್ನ ಅಗತ್ಯ ಇಲ್ಲ. ಬೇರೆ ಯಾರಿಗಾದರೂ ಇದೆಯೇ ಎಂದು ಹೋಗಿ ಕೇಳಲೇಬೇಕು ಅಂದುಕೊಂಡಳು.

ಆ ಭಾನುವಾರ ರಾಜಗೋಪಾಲನಗರಕ್ಕೆ ಹೋದಳು. ಲೇತ್ ಅಂಗಡಿಗಳ ಗಲ್ಲಿ, ರಜವಿದ್ದರೂ ಎಲ್ಲೋ ಒಂದು ಯಂತ್ರ ತಿರುಗುತ್ತಿತ್ತು. ಮೇಲ್ಮನೆಯ ಬಾಗಿಲು ತೆಗೆದ ರಾಮಪ್ರಸಾದ ಬಹಳ ಇಳಿದುಹೋಗಿದ್ದರು. ದನಿ ಒಡೆದು ಪಿಸುಮಾತಿನಷ್ಟಾಗಿತ್ತು. ಮೆಟ್ಟಿಲು ಹತ್ತಿ ಬಂದವಳು ಅವಳಾದರೂ ಏದುಸಿರು ಬಿಟ್ಟವರು ಅವರು.

"ಅಲ್ಲಿ ಯಾರಿದಾರೆ?" ಎಂದು ಗಾಬರಿಯಿಂದ ಕೇಳಿದರು.

"ಅವರು ನೋಡ್ಕೊಳ್ತಾರೆ. ನಾನು ಎರಡು ದಿನ ರಜ."

ಅವರು ಮೆಲ್ಲಗೆ ಕೂತರು. ಇಷ್ಟು ದಿನ ಫೋನಿನಲ್ಲಿ ಹರಿದ ಮಾತು ಎದುರೆದುರಿಗೆ ಬರಲಿಲ್ಲ. ಅವಳು ಕಾಫಿ ಮಾಡಿ ತಂದಳು.

"ನೀವು ಬರಲಿಲ್ಲ ಅಂತ ಬೇಜಾರು ಮಾಡ್ಕೊಂಡಿಲ್ಲ," ಎಂದರು. "ಬರಬಾರದು ಅಂತ ಮಾಡಿದ್ದು ನಾನೇ. ಆದ್ರೆ ದಿನಾ ಬೆಳಿಗ್ಗೆ ಆ ಹೊತ್ತಿಗೆ ಎದ್ದು ಕೂರ್ತಿದ್ದೆ."

"ಫೋನ್ ಮಾಡಬಹುದಿತ್ತಲ್ಲ."

"ಈ ದನೀಲಾ? ನಾನೀಗ ಯಾರಿಗೂ ಉಪಯೋಗ ಇಲ್ಲ ಪ್ರಭಾ ಅವರೇ. ಶ್ವಾಸಕೋಶ ಅರ್ಧಕ್ಕರ್ಧ ಹೋಗಿದೆ. ಎಷ್ಟು ದಿನ ಅಂತ ಡಾಕ್ಟರೂ ಹೇಳಲ್ಲ."

"ಉಪಯೋಗಕ್ಕೆ ಅಂತ ನಾನು ಬಂದಿಲ್ಲ." ಅವಳು ಲೋಟ ಕೆಳಗಿಟ್ಟಳು. "ಕಾರಿಡಾರಲ್ಲಿ ಒಂದು ಮಾತು ಕೇಳಿದ್ರಿ, ಬೇಜಾರಾಯ್ತಾ ಅಂತ. ಆಯ್ತು. ಇವತ್ತಿನವರೆಗೂ ದಿನಾ ಆಗಿದೆ. ನಮ್ಮ ಮನೇಲಿ ಗಾಳಿ ಚೆನ್ನಾಗಿದೆ, ಕೆಳಗಡೆ ಮನೆ, ಮೆಟ್ಟಿಲು ಹತ್ತೋ ಹಾಗಿಲ್ಲ. ಅಮ್ಮನಿಗೂ ಹೇಳಿ ಬಂದಿದೀನಿ."

"ಏನಂದ್ರು ಅಮ್ಮ?"

"'ಇಷ್ಟು ತಡ ಯಾಕೆ ಮಾಡಿದೆ' ಅಂದ್ರು."

ರಾಮಪ್ರಸಾದ ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ಅವಳು ಅವರ ಬೆನ್ನು ನೀವಿದಳು. ನಿಂತ ಮೇಲೂ ಕೈ ತೆಗೆಯಲಿಲ್ಲ.

ಮಳೆಗಾಲ ಮುಗಿಯುತ್ತಲೇ ಅವರ ಮದುವೆ ನೋಂದಣಿ ಆಯಿತು. ರಂಜನಿಯೂ ಮುರಳಿಯೂ ವೇಣಿಯೂ ಸಾಕ್ಷಿ ಸಹಿ ಹಾಕಿದರು. ಕಾಡುಗೋಡಿಯ ಮನೆಯಲ್ಲಿ ಅನುಸೂಯಮ್ಮ ಅಳಿಯನ ಪಥ್ಯ ನೋಡಿಕೊಳ್ಳುತ್ತ, ದಿನಕ್ಕೊಮ್ಮೆ ಅವರ ಜೊತೆ ಜಗಳವಾಡುತ್ತ ಚುರುಕಾದರು. ಪ್ರಭಾ ಕೆಲಸ ಬಿಡಲಿಲ್ಲ. ಹೊಸಬರಿಗೆ ಕಲಿಸುವುದೇ ಅವಳ ಕೆಲಸವಾಯಿತು. ಒಟ್ಟಿಗೆ ಎಷ್ಟು ಕಾಲ ಸಿಗುತ್ತದೋ ಗೊತ್ತಿಲ್ಲದ್ದರಿಂದ ಬೆಳಗ್ಗೆ ಮನೆ ಬಿಡುವಾಗಲೇ ಅವಳಿಗೆ ಸಂಜೆಯ ಹಂಬಲ ಶುರುವಾಗುತ್ತಿತ್ತು. ಮರಳುವಾಗ ಮನೆಗೆ ಸ್ವಲ್ಪ ಮೊದಲು, ಹೋಪ್ ಫಾರ್ಮ್ ಸರ್ಕಲ್ ಹತ್ತಿರ ಟ್ರಾಫಿಕ್ಕಿನಲ್ಲಿ ವ್ಯಾನು ಸಿಕ್ಕಿಕೊಂಡರೆ ಅವಳು ಕಾಯುತ್ತಿರಲಿಲ್ಲ. ಇಳಿದು, ಸೆರಗು ಸಿಕ್ಕಿಸಿಕೊಂಡು, ನಿಂತ ಗಾಡಿಗಳ ನಡುವೆ ದಾರಿ ಮಾಡಿಕೊಳ್ಳುತ್ತ ಮನೆಯ ಕಡೆ ಬಿರಬಿರನೆ ನಡೆಯುತ್ತಿದ್ದಳು.